ನೋಡದೇ ಇದ್ದವರ ಹೆಬ್ಬೆರಳು

ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಫೋನಿಗೆ ಪರದೇಶದ ನಂಬರಿನಿಂದ ಸಂದೇಶ ಬಂತು. ಇಂಥ ನಂಬರುಗಳನ್ನು ಮುಟ್ಟಬೇಡಿ ಎಂದು ಓಣಿಯವರಿಗೆಲ್ಲ ಬುದ್ಧಿ ಹೇಳುವವನು ನಾನೇ. ಆದರೆ ಅದರ ಮೊದಲ ಪದ ‘ಟೀಚರ್’ ಎಂದಿತ್ತು. ನನ್ನನ್ನು ಹಾಗೆ ಕರೆದವರು ಪ್ರಪಂಚದಲ್ಲಿ ಹದಿನಾಲ್ಕೇ ಜನ. ಇಪ್ಪತ್ತು ವರ್ಷದ ಹಿಂದೆ ಆಫ್ರಿಕಾದ ಪಶ್ಚಿಮ ಅಂಚಿನ ಒಂದು ಸಣ್ಣ ದೇಶದಲ್ಲಿ, ಒಳಯುದ್ಧ ಆಗಷ್ಟೇ ಮುಗಿದಿದ್ದಾಗ, ಅಲ್ಲಿ ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದ ಹದಿನಾಲ್ಕು ಮಂದಿಗೆ ನಾನು ಒಂದು ವರ್ಷ ಪಾಠ ಹೇಳಿದ್ದೆ.

ಬರೆದಿದ್ದವನು ಆ ಹದಿನಾಲ್ಕರಲ್ಲಿ ಒಬ್ಬ, ಈಗ ಅವರ ರಾಜಧಾನಿಯಲ್ಲಿ ಅಧಿಕಾರಿ. ಕುಶಲ ಕೇಳಿದ ಮೇಲೆ ವಿಷಯಕ್ಕೆ ಬಂದಿದ್ದ. ಅವನ ಜೊತೆ ಕಲಿತ ಒಬ್ಬಳು, ‘ಮುಂದಿನ ಬೆಂಚಿನವಳು, ನಿಮಗೆ ನೆನಪಿರಬಹುದು’, ನಾನು ಪಾಠ ಹೇಳಿದ್ದ ಅದೇ ಸಂತೆ ಊರಿನ ಠಾಣೆಯಲ್ಲಿ ಹೆಂಗಸರ ದೂರು ಕೇಳುವ ಮೇಜಿನ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಊರಿನವರೇ ಅವಳ ಹೆಸರು ಸೂಚಿಸಿದ್ದಾರೆ. ಆದರೆ ಹಳೆಯ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಸುಳ್ಳು ಹೇಳಿಕೆ ತಯಾರಿಸಿದವಳು’ ಎಂಬ ಒಂದು ಸಾಲಿದೆ. ಯುದ್ಧದಲ್ಲಿ ಜನರನ್ನು ಹಿಂಸಿಸಿದವರು ಮತ್ತೆ ಸಮವಸ್ತ್ರ ತೊಡಬಾರದೆಂದು ಇಟ್ಟ ರಿಜಿಸ್ಟರ್ ಅದು. ಇವಳ ಹೆಸರೂ ಅದರಲ್ಲೇ ಸೇರಿಕೊಂಡಿದೆ. ಮುಂದಿನ ತಿಂಗಳು ಮಂಡಳಿ ಕೂರುತ್ತದೆ, ಆ ಸಾಲು ಅಳಿಯದಿದ್ದರೆ ಕೆಲಸವಿಲ್ಲ. ‘ನೀವು ಅವಳ ಗುರುಗಳು. ವಯಸ್ಸಿನ ಅವಸರದಲ್ಲಿ ತಪ್ಪಿದಳು, ಮನ್ನಿಸಿ ಎಂದು ನಾಲ್ಕು ಒಳ್ಳೆಯ ಮಾತು ಬರೆದುಕೊಡಿ.’

ನೆನಪಿರಬಹುದು ಎಂದಿದ್ದ. ಮರೆಯಬೇಕೆಂದು ನಾನು ಪ್ರಯತ್ನಪಟ್ಟು ಸೋತ ಮುಖ ಅದು.

ಏಕೆ ಎಂದು ಹೇಳಲು ನನ್ನ ಕೈಬರಹದಿಂದ ಶುರುಮಾಡಬೇಕು. ಹತ್ತನೇ ತರಗತಿ ಮುಗಿಸಿ ಪೊಲೀಸಿಗೆ ಸೇರಿದ ನನ್ನನ್ನು ಎರಡನೇ ವರ್ಷದಲ್ಲೇ ಲಾಠಿ ಬಿಡಿಸಿ ರೈಟರ್ ಮೇಜಿಗೆ ಕೂರಿಸಿದರು. ಠಾಣೆಯಲ್ಲಿ ದೂರು, ಹೇಳಿಕೆ, ಪಂಚನಾಮೆ ಎಲ್ಲ ಬರೆಯುವವನು ರೈಟರ್. ಕಂಪ್ಲಿ, ಸಂಡೂರು, ಹೊಸಪೇಟೆ ಎಂದು ಈ ಸುತ್ತಿನಲ್ಲೇ ನನ್ನ ನೌಕರಿ ಕಳೆಯಿತು. ಗುಂಡಗಿನ ಅಕ್ಷರ, ಸಾಲು ಡೊಂಕಾಗುತ್ತಿರಲಿಲ್ಲ. ವಕೀಲರು ಹೊಗಳುತ್ತಿದ್ದರು. ಬರೆದದ್ದು ನಿಜವೇ ಎಂದು ಕೇಳಿದವರು ಕಡಿಮೆ.

ಪಂಚನಾಮೆ ಎಂದರೆ ಘಟನೆಯ ಜಾಗದಲ್ಲಿ ಕಂಡದ್ದನ್ನು ಇಬ್ಬರು ಹೊರಗಿನವರ ಮುಂದೆ ಬರೆದು, ಅವರ ಸಹಿ ಪಡೆಯುವ ಕಾಗದ. ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ನಾನಿದ್ದ ಸಣ್ಣ ಔಟ್‌ಪೋಸ್ಟಿಗೆ ಅಪಘಾತದ ಕೇಸುಗಳೇ ಜಾಸ್ತಿ. ಕೆಂಪು ಧೂಳಿನಲ್ಲಿ ಸತ್ತವನ ಹತ್ತಿರ ನಿಂತು ಸಹಿ ಹಾಕಲು ಯಾರು ಬರುತ್ತಾರೆ? ಅದಕ್ಕೆ ನಮ್ಮದೊಂದು ಪದ್ಧತಿ ಇತ್ತು. ವಡ್ಡು ಹಳ್ಳಿಯ ಕಡೆಯ ಒಬ್ಬ ಟೈಲರ್, ಕುರೆಕುಪ್ಪದ ದಾರಿಯಲ್ಲಿ ಚಹಾ ಅಂಗಡಿ ಇಟ್ಟಿದ್ದ ಇನ್ನೊಬ್ಬ. ಇಬ್ಬರೂ ಸೋಮವಾರ ಬಂದು ಒಂದು ಕಟ್ಟು ಖಾಲಿ ಹಾಳೆಗಳ ತಳದಲ್ಲಿ ಸಹಿ ಹಾಕಿ ಹೋಗುತ್ತಿದ್ದರು. ವಾರವಿಡೀ ನಾನು ಮೇಲ್ಭಾಗ ತುಂಬುತ್ತಿದ್ದೆ.

“ಸಾರ್, ಈ ವಾರ ನಾ ಏನೇನ್ ನೋಡೀನಿ ಸ್ವಲ್ಪ ಹೇಳ್ರಿ,” ಎನ್ನುತ್ತಿದ್ದ ಟೈಲರ್. “ಕೋರ್ಟಿನ್ಯಾಗ ಕೇಳಿದ್ರ ತಪ್ಪಬಾರ್ದು.”

“ನೀ ಎಲ್ಲಾ ನೋಡೀದಿ ಲೇ,” ಎಂದು ಚಹಾದವನು. “ನಿನ್ನ ಒಂದ್ ಕಣ್ಣು ಸೂಜ್ಯಾಗ, ಒಂದ್ ಕಣ್ಣು ರೋಡಿನ್ಯಾಗ.”

ನಗುತ್ತಿದ್ದೆವು. ಅದು ಸುಳ್ಳೆಂದು ನಮಗೆ ಅನ್ನಿಸುತ್ತಲೇ ಇರಲಿಲ್ಲ. ಲಾರಿ ಗುದ್ದಿದ್ದು ನಿಜ, ಸತ್ತವನು ನಿಜ. ಸಹಿ ಮಾತ್ರ ಎರಡು ದಿನ ಮೊದಲೇ ಬಂದಿರುತ್ತಿತ್ತು.

ಆಮೇಲೆ ಕೆಲವು ವರ್ಷ ಹಂಪಿಯ ಬಂದೋಬಸ್ತಿಗೆ ಹಾಕಿದರು. ನನ್ನ ಇಂಗ್ಲಿಷ್ ಬೆಳೆದದ್ದು ಅಲ್ಲಿ, ಹೊಳೆ ದಂಡೆಯಲ್ಲಿ. ಈಜಬೇಡಿ, ಆ ಕಲ್ಲಿನ ಮೇಲೆ ಹತ್ತಬೇಡಿ, ಹರಿಗೋಲು ಪುಟ್ಟಿಯಲ್ಲಿ ಎದ್ದು ನಿಲ್ಲಬೇಡಿ, ಮೊಸಳೆ ಇದೆ. ಹೀಗಾಗಿ ನನ್ನ ಪ್ರತಿ ಇಂಗ್ಲಿಷ್ ವಾಕ್ಯವೂ ‘ನೋ’ ಎಂದೇ ಶುರುವಾಗುತ್ತಿತ್ತು. ಯುದ್ಧ ಮುಗಿದ ದೇಶಗಳಲ್ಲಿ ಪೊಲೀಸ್ ಕಟ್ಟಲು ಅಂತಾರಾಷ್ಟ್ರೀಯ ಮಿಷನ್ನಿಗೆ ಜನ ಬೇಕು, ಇಂಗ್ಲಿಷ್, ಜೀಪು ಓಡಿಸುವುದು, ಗುಂಡಿನ ಗುರಿ ಈ ಮೂರರ ಪರೀಕ್ಷೆ ಎಂದು ಸುತ್ತೋಲೆ ಬಂದಾಗ ತಮಾಷೆಗೆಂದು ಹೆಸರು ಕೊಟ್ಟೆ. ಆಗ ನಾನು ಎಎಸ್ಐ, ವಯಸ್ಸು ಐವತ್ತು ದಾಟಿತ್ತು. ಪಾಸಾದೆ. ನನ್ನ ಹೆಂಡತಿ ಬುಕ್ಕಸಾಗರದ ಭತ್ತದ ಮನೆತನದವಳು, ಹೊಳೆ ದಾಟಿ ಆನೆಗೊಂದಿಗೆ ಹೋದರೂ ಪರಸ್ಥಳ ಎನ್ನುವವಳು. ನನ್ನ ಪೆಟ್ಟಿಗೆಗೆ ಎರಡು ಡಬ್ಬಿ ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದಳು.

ಆ ಸಂತೆ ಊರು ನನಗೆ ಹಿಡಿಸಿತು. ಅಲ್ಲಿನ ಮಣ್ಣೂ ಸಂಡೂರಿನ ಮಣ್ಣಿನ ಹಾಗೆ ಕೆಂಪು. ಠಾಣೆ ಎಂದರೆ ತಗಡಿನ ಮಾಡಿನ ಒಂದೇ ಕೋಣೆ. ಯುದ್ಧದ ಕಾಲದಲ್ಲಿ ಯಾರ ಕೈಯಲ್ಲಿ ಊರಿತ್ತೋ ಪೊಲೀಸರು ಅವರ ಆಳುಗಳಾಗಿದ್ದರಂತೆ. ಹಾಗಾಗಿ ಜನ ಠಾಣೆಯ ಎದುರು ಬಂದಾಗ ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ನಮ್ಮ ಮೇಲಧಿಕಾರಿ ಚಳಿಯ ದೇಶದವರು, ಎತ್ತರದ ಆಳು, ಮೆದು ಮಾತಿನವರು. ಮೊದಲ ದಿನವೇ ಹೇಳಿದ್ದರು: “ಕಾನೂನು ಆಮೇಲೆ ಕಲಿಸಿ. ಒಬ್ಬ ಮನುಷ್ಯ ತಾನಾಗಿ ಈ ಬಾಗಿಲೊಳಗೆ ದೂರು ಹಿಡಿದು ಬಂದರೆ ನೀವು ಅರ್ಧ ಗೆದ್ದಿರಿ.”

ಎರಡು ತಿಂಗಳು ಯಾರೂ ಬರಲಿಲ್ಲ. ದಾರಿ ತೋರಿಸಿದವಳು ಮುಂದಿನ ಬೆಂಚಿನವಳು. ಇಪ್ಪತ್ತೆರಡರ ಹೆಣ್ಣುಮಗಳು, ಮಾತು ಕಡಿಮೆ, ಬರೆಯುವಾಗ ನಾಲಿಗೆ ತುದಿ ಹೊರಗೆ ಇರುತ್ತಿತ್ತು. “ಅವರು ಬರುವುದಿಲ್ಲ ಟೀಚರ್, ನಾವು ಹೋಗೋಣ,” ಎಂದಳು. ದಿನವೂ ಸಂತೆಗೆ ಹೋಗಿ ಶೇಂಗಾ ಮಾರುವ ಮೂವರು ಹೆಂಗಸರ ಹತ್ತಿರ ಕೂತೆವು. ಅಳತೆಯ ಜಗಳ, ನೆರಳಿನ ಜಗಳ, ಅವನ್ನು ಅಲ್ಲೇ ಬಿಡಿಸಿದೆವು. ಆ ಮೂವರು ನನಗೆ ‘ನೋ ಪೊಲೀಸ್’ ಎಂದು ಹೆಸರಿಟ್ಟರು. ನಾನು ಚಟ್ನಿಪುಡಿಯ ಡಬ್ಬಿ ಬಿಚ್ಚಿದ ದಿನ ಹಿರಿಯಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಸಮುದ್ರ ದಾಟಿ ಬಂದು ನಮಗೇ ಶೇಂಗಾ ತಿನ್ನಿಸುತ್ತಾನೆ ಎಂದು ಬಿದ್ದು ಬಿದ್ದು ನಕ್ಕಳು. ಮರುವಾರ ಅವಳೇ ಕೋಳಿ ಕಳುವಿನ ದೂರು ಹಿಡಿದು ಠಾಣೆಯ ಬಾಗಿಲೊಳಗೆ ಬಂದಳು. ಅವತ್ತು ಮೇಲಧಿಕಾರಿ ನನ್ನ ಕೈ ಕುಲುಕಿದರು. ನನ್ನ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಕೆಟ್ಟದ್ದು ಅದರ ಬೆನ್ನಿಗೇ ಬಂತು. ಠಾಣೆಗಳನ್ನು ಪರೀಕ್ಷಿಸಲು ರಾಜಧಾನಿಯಿಂದ ತಂಡ ಬರುವುದಿತ್ತು. ಪ್ರತಿ ಫೈಲಿನಲ್ಲೂ ಮೂವರು ಸಾಕ್ಷಿಗಳ ಸಹಿಯೋ ಹೆಬ್ಬೆಟ್ಟೋ ಇರಬೇಕೆಂಬುದು ಅವರ ಪಟ್ಟಿಯ ಒಂದು ಅಂಶ. ಮಳೆಗಾಲ, ಹಳ್ಳಿಗಳ ದಾರಿ ಮುಚ್ಚಿತ್ತು. ನಮ್ಮ ಠಾಣೆಯೇ ಮೊದಲು ಬರಬೇಕೆಂಬ ಆಸೆ ನನಗೆ. ತರಗತಿಯಲ್ಲಿ ನಮ್ಮ ಊರಿನ ಉಪಾಯ ಹೇಳಿದೆ. ನಂಬಿಕಸ್ತ ಮೂವರಿಂದ ಖಾಲಿ ಹಾಳೆಗಳ ಮೇಲೆ ಹೆಬ್ಬೆರಳು ಒತ್ತಿಸಿಟ್ಟುಕೊಳ್ಳಿ, ಬೇಕಾದಾಗ ತುಂಬಿಕೊಳ್ಳಿ, ನಮ್ಮ ದೇಶದಲ್ಲಿ ಹೀಗೇ ಎಂದೆ.

“ಅವರು ಏನನ್ನು ನೋಡಿದ್ದಾರೆ ಟೀಚರ್?” ಎಂದು ಅವಳು ಕೇಳಿದಳು.

“ಮುಂದೆ ನೋಡುತ್ತಾರೆ,” ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ತರಗತಿ ಮುಗಿದ ಮೇಲೆ ಒಬ್ಬಳೇ ಬಂದು ಹೇಳಿದಳು: ಯುದ್ಧದಲ್ಲಿ ಬಂದೂಕಿನವರು ಊರವರ ಹೆಬ್ಬೆರಳು ಒತ್ತಿಸಿ ಪಟ್ಟಿ ಮಾಡುತ್ತಿದ್ದರು. ಪಟ್ಟಿಯಲ್ಲಿದ್ದವರನ್ನು ಆಮೇಲೆ ಕರೆದೊಯ್ಯುತ್ತಿದ್ದರು. ಹೆಬ್ಬೆರಳು ಎಂದರೆ ಈ ಊರಿನವರಿಗೆ ಭಯ, ಕೇಳಿದರೆ ಕೊಡುವುದಿಲ್ಲ.

“ನೀನು ಕೇಳಿದರೆ ಕೊಡುತ್ತಾರೆ,” ಎಂದೆ. ಅವಳನ್ನು ಹೊಗಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ.

ಕೊಟ್ಟರು. ಶೇಂಗಾ ಮಾರುವ ಆ ಮೂವರೂ ಮೊದಲು ಬಟ್ಟೆಗೆ ಬೆರಳು ಒರೆಸಿಕೊಂಡು, ಅವಳ ಮುಖ ನೋಡುತ್ತ, ಒಂದೊಂದೇ ಹಾಳೆಗೆ ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಹತ್ತು ದಿನಕ್ಕೆ ಶಾಲೆಯ ಮಾಡಿಗೆಂದು ಬಂದಿದ್ದ ತಗಡುಗಳು ಕಾಣೆಯಾಗಿವೆ ಎಂಬ ದೂರು ಬಂತು. ಅನುಮಾನ ಹೋದದ್ದು ಒಬ್ಬ ಬಡಗಿಯ ಮೇಲೆ. ಯುದ್ಧದಲ್ಲಿ ಬಂದೂಕಿನವರ ಜೊತೆಗಿದ್ದು ವಾಪಸ್ಸು ಬಂದವನು, ಊರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಾಕ್ಷಿ ಇರಲಿಲ್ಲ, ಹಾಳೆಗಳಿದ್ದವು. ಬೆಳಗಿನ ಜಾವ ಅವನು ತಗಡು ಹೊತ್ತು ಹೋಗುವುದನ್ನು ಮೂವರು ಹೆಂಗಸರು ನೋಡಿದರು ಎಂದು ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಎರಡು ಸಲ ಪೆನ್ನು ನಿಲ್ಲಿಸಿದಳು. ಎರಡು ಸಲವೂ ನಾನು “ಬರಿ” ಎಂದೆ. ಬಡಗಿಯನ್ನು ಜೈಲಿಗೆ ಹಾಕಿದರು.

ಆ ಊರಿನ ಕೋರ್ಟು ಸಂತೆಯ ಪಕ್ಕದಲ್ಲೇ. ಮ್ಯಾಜಿಸ್ಟ್ರೇಟರು ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿದಾಗ ಕಿಟಕಿಯ ಕೆಳಗೆ ಶೇಂಗಾ ಬುಟ್ಟಿ ಇಟ್ಟು ಕೂತಿದ್ದ ಆ ಹಿರಿಯಳಿಗೆ ತನ್ನ ಹೆಸರು ಕೇಳಿಸಿತು. ಎದ್ದು ಒಳಗೆ ಬಂದಳು. “ನಾನು ಏನನ್ನೂ ನೋಡಿಲ್ಲ. ಅವತ್ತು ನಾನು ಊರಲ್ಲೇ ಇರಲಿಲ್ಲ, ತಂಗಿಯ ಹೆರಿಗೆಗೆ ಹೋಗಿದ್ದೆ,” ಎಂದಳು. ಆಮೇಲೆ ನನ್ನ ಕಡೆಗಲ್ಲ, ನನ್ನ ವಿದ್ಯಾರ್ಥಿನಿಯ ಕಡೆಗೆ ತಿರುಗಿ, ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿದಳು. ಬಡಗಿಯನ್ನು ಬಿಟ್ಟರು. ತಗಡುಗಳನ್ನು ಗುತ್ತಿಗೆದಾರ ಕಳಿಸಿಯೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ವಿಚಾರಣೆ ಠಾಣೆಯ ಅದೇ ಕೋಣೆಯಲ್ಲಿ ನಡೆಯಿತು. ಮೇಲಧಿಕಾರಿ ಮೊದಲು ನನ್ನನ್ನು ಕೇಳಿದರು, “ಇದನ್ನು ನೀವು ಕಲಿಸಿದಿರಾ?”

ಅವತ್ತೂ ನನ್ನ ಇಂಗ್ಲಿಷ್ ‘ನೋ’ ಎಂದೇ ಶುರುವಾಯಿತು. “ನೋ ಸರ್. ಪಠ್ಯದಲ್ಲಿ ಇರುವುದನ್ನು ಕಲಿಸಿದೆ.”

ಅವಳು ನನ್ನನ್ನು ನೋಡಿದಳು. ಅವರಲ್ಲಿ ಗುರುವನ್ನು ಎದುರಿಗೆ ಸುಳ್ಳ ಎನ್ನುವುದಿಲ್ಲ. ಅವಳನ್ನು ಕೇಳಿದಾಗ, “ಬರೆದದ್ದು ನನ್ನ ಕೈ,” ಎಂದಷ್ಟೇ ಹೇಳಿದಳು. ಉಳಿದ ಹದಿಮೂರು ಜನ ನೆಲ ನೋಡುತ್ತಿದ್ದರು. ಅವರಿಗೂ ಕೆಲಸ ಬೇಕಿತ್ತು. ಅವಳ ಭುಜದ ಪಟ್ಟಿ ತೆಗೆಸಿ ಮನೆಗೆ ಕಳಿಸಿದರು. ಸಂತೆಯ ಹೆಂಗಸರು ಮತ್ತೆ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಮೂರು ವಾರದ ಮೇಲೆ ನನಗೆ ಪದಕ ಕೊಟ್ಟರು. ವರ್ಷ ಮುಗಿಸಿದವರಿಗೆಲ್ಲ ಕೊಡುತ್ತಾರೆ.

ಹೊಸಪೇಟೆಗೆ ಬಂದಾಗ ಶಾಲು, ಹಣ್ಣಿನ ಬುಟ್ಟಿ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳಲ್ಲಿ ಶಾಲೆಯವರು ಭಾಷಣಕ್ಕೆ ಕರೆಯುತ್ತಿದ್ದರು. ಪೊಲೀಸರನ್ನು ಕಂಡರೆ ಹೆದರುತ್ತಿದ್ದ ಹೆಂಗಸರು ಬಟ್ಟೆಗೆ ಬೆರಳು ಒರೆಸಿಕೊಂಡು ಹೆಬ್ಬೆಟ್ಟು ಕೊಟ್ಟ ಕತೆಯನ್ನು ನಾನು ಎಲ್ಲ ಕಡೆ ಹೇಳಿದೆ. ನಂಬಿಕೆ ಎಂದರೆ ಇದು ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಕತೆಯ ಉಳಿದ ಅರ್ಧವನ್ನು ಹೇಳಲಿಲ್ಲ. ಊರಿಗೆ ಬಂದ ಮೇಲೆ ಖಾಲಿ ಹಾಳೆಗೆ ಸಹಿ ತೆಗೆದುಕೊಳ್ಳುವುದನ್ನು ಬಿಟ್ಟೆ ಎಂದು ಬರೆಯಲು ಈಗಲೂ ಕೈ ಮುಂದಾಗುತ್ತಿದೆ. ಬಿಡಲಿಲ್ಲ. ಕಡಿಮೆ ಮಾಡಿದೆ.

ಹೀಗಿದ್ದೂ ನಾನು ದುಃಖದಲ್ಲಿ ಬದುಕಿದೆ ಎಂದರೆ ಅದೂ ಸುಳ್ಳು ಹೇಳಿಕೆಯಾಗುತ್ತದೆ. ನಿವೃತ್ತಿಯ ನಂತರದ ಬದುಕು ಚೆನ್ನಾಗಿದೆ. ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆಯುತ್ತೇನೆ, ಬರುತ್ತ ಮಂಡಕ್ಕಿ ಮಿರ್ಚಿ ತಿನ್ನುತ್ತೇನೆ, ತಿಂದಿಲ್ಲ ಎಂದು ಮನೆಯಲ್ಲಿ ಹೇಳುತ್ತೇನೆ, ಹೆಂಡತಿ ನಂಬುವುದಿಲ್ಲ. ಮಂಡಿ ನೋವು ಬಿಟ್ಟರೆ ದೇವರು ಏನೂ ಕಡಿಮೆ ಮಾಡಿಲ್ಲ. ಈ ಸುಖದ ನಡುವೆ ಬಂದದ್ದು ಆ ಸಂದೇಶ.

ಒಳ್ಳೆಯ ಮಾತು ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಮರುದಿನವೇ ಒಂದು ಪುಟ ಇಂಗ್ಲಿಷಿನಲ್ಲಿ ಬರೆದೆ. ಪ್ರಾಮಾಣಿಕಳು, ಕಷ್ಟಪಟ್ಟು ಕಲಿತವಳು, ಕಿರಿಯ ವಯಸ್ಸಿನ ಅವಸರದಲ್ಲಿ ಒಮ್ಮೆ ಎಡವಿದಳು, ಗುರುವಾಗಿ ನಾನು ಅವಳನ್ನು ಎಂದೋ ಕ್ಷಮಿಸಿದ್ದೇನೆ. ಓದಿದರೆ ನನಗೇ ಕಣ್ಣು ತುಂಬಿ ಬರುವ ಹಾಗಿತ್ತು. ಅದನ್ನು ಕನ್ನಡ ಮಾಡಿ ಹೆಂಡತಿಗೆ ಓದಿ ಹೇಳಿದೆ. ಅವಳು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು.

“ಭಾಳ ಚಲೋ ಬರ್ದೀರಿ,” ಎಂದಳು. “ಏನ್ ತಪ್ಪು ಮಾಡಿದ್ಲು ಅಕಿ?”

“ಖಾಲಿ ಹಾಳಿ ಮ್ಯಾಲ ಮಂದಿ ಹೆಬ್ಬೆಟ್ಟು ಒತ್ತಿಸ್ಕಂಡಿದ್ಲು. ಆಮ್ಯಾಲ ತುಂಬಿದ್ಲು.”

“ಅದನ್ನ ಯಾರು ಕಲಿಸಿದ್ರು ಅಕಿಗೆ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಕೇಳಿದ್ದು ನಿಮಗ್ರಿ. ಕನ್ನಡಕಕ್ಕಲ್ಲ.”

“ನಾನ,” ಎಂದೆ.

ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಡ್ಡಿಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಹಾಕುತ್ತಲೇ ಇದ್ದಳು. ಮುಗಿದ ಮೇಲೆ ಕೇಳಿದಳು, “ಹಂಗಾರ ಈ ಕಾಗದದಾಗ ಯಾರು ಯಾರನ್ನ ಕ್ಷಮಿಸ್ಯಾರ?”

ನಾನು ಕಾಗದವನ್ನು ನಾಲ್ಕಾಗಿ ಮಡಚಿದೆ.

“ಇದನ್ನ ಕಳಿಸಿದ್ರ ಅಕಿಗೆ ಕೆಲ್ಸ ಸಿಗಬಹುದು,” ಎಂದೆ.

“ಸಿಗಬಹುದು. ಸುಳ್ಳಿ ಅನ್ನೋ ಹೆಸ್ರು ಹಂಗ ಇರ್ತೈತಿ. ನಿಮ್ಮ ಸಹಿ ಬಿದ್ದು ಇನ್ನಾ ಗಟ್ಟಿ ಆಗ್ತೈತಿ.” ಬುಟ್ಟಿ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಖರೇ ಹೇಳಿದ್ರ ಪಿಂಚಣಿಗೆ ಏನಾರ ಆಗ್ತೈತೇನು?” ಎಂದಳು.

“ಗೊತ್ತಿಲ್ಲ.”

“ಆದ್ರ ಆಗ್ಲಿ. ಬುಕ್ಕಸಾಗರದ ಅಕ್ಕಿ ಐತಿ. ನಿಮ್ಮ ಮಿರ್ಚಿಗೆ ಮಾತ್ರ ಎಲ್ಲಿಂದ ತರ್ತೀರೋ ನೋಡ್ರಿ.”

ಎರಡು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಮೂರನೆಯ ದಿನ ನಾನು ಹೊಸ ಹಾಳೆ ತೆಗೆದುಕೊಂಡೆ. ‘ನಾನು ಕಲಿಸಿದೆ. ಅವಳು ಬೇಡವೆಂದಳು. ನಾನು ಹೇಳಿದೆ, ಅವಳು ಬರೆದಳು. ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿದೆ.’ ನಾಲ್ಕು ಸಾಲಿಗೆ ಅರ್ಧ ದಿನ ಹಿಡಿಯಿತು. ಮುಂದಿನದು ಸಲೀಸಾಗಿ ಬಂತು.

ಪರದೇಶಕ್ಕೆ ಹೋಗುವ ಕಾಗದ, ನೋಟರಿಯ ಮುದ್ರೆ ಇರಲಿ ಎಂದು ಹೊಸಪೇಟೆ ಕೋರ್ಟಿನ ಹೊರಗೆ ಬೇವಿನ ಮರದಡಿ ಕೂರುವ ಟೈಪಿಸ್ಟ್ ಹತ್ತಿರ ಹೋದೆ. ಟೈಪು ಮುಗಿಸಿ ಅವನು, “ಎರಡ್ ಸಾಕ್ಷಿ ಬೇಕಲ್ಲ ಸಾರ್,” ಎಂದವನೇ ಚಹಾ ಗೂಡಂಗಡಿಯ ಕಡೆ ಕೂಗಿದ: “ಏ, ಬರ್ರಪಾ ಯಾರಾರ ಇಬ್ರು.”

ಇಬ್ಬರು ಲೋಟ ಹಿಡಿದೇ ಬಂದರು. ಒಬ್ಬ ಆಟೋದವನು. ಇನ್ನೊಬ್ಬ ಕಂಪ್ಲಿಯಿಂದ ಹೊಲದ ಪಾಲಿನ ಕೇಸಿಗೆ ಬಂದಿದ್ದ ವಯಸ್ಸಾದವನು. ಆಟೋದವನು ಪೆನ್ನಿಗೆ ಕೈ ಚಾಚಿ, “ಎಲ್ಲಿ ಹಾಕ್ಬೇಕ್ರಿ?” ಎಂದ.

“ಮೊದ್ಲು ಓದ್ರಿ,” ಎಂದೆ.

“ಇಂಗ್ಲಿಷ್ ಐತಲ್ರಿ. ನಮಗ ಬರಂಗಿಲ್ಲ. ಬರ್ಸಿದಾವ್ರು ನೀವು, ನಾವ್ಯಾಕ ಓದ್ಬೇಕು?”

“ಹಂಗಾರ ಕನ್ನಡದಾಗ ಹೇಳ್ತೀನಿ. ಕುಂದ್ರಿ.”

“ಸಾರ್, ಸಾಕ್ಷಿ ಅಂದ್ರ ನೀವು ಸೈನ್ ಹಾಕಿದ್ದು ನೋಡಿದ್ರ ಸಾಕು,” ಎಂದ ಟೈಪಿಸ್ಟ್. “ಜಲ್ದಿ ಮುಗಿಸ್ರಿ, ಮಂದಿ ಕಾಯಾಕತ್ಯಾರ.”

“ಕಾಯ್ಲಿ,” ಎಂದೆ.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಹೆಂಡತಿಗೆ ಹೇಳಿದ್ದನ್ನು ಬಿಟ್ಟರೆ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಹೆಸರು ಗೊತ್ತಿಲ್ಲದ ಇಬ್ಬರ ಮುಂದೆ, ಪೂರ್ತಿ ಬಿಸಿಲಿನಲ್ಲಿ. ಟೈಪಿಸ್ಟ್ ಕೂಡ ಕೀಲಿ ಒತ್ತುವುದನ್ನು ನಿಲ್ಲಿಸಿ ಕೇಳಿದ. ಆಟೋದವನು ಲೋಟ ಕೆಳಗಿಟ್ಟು, “ಅಲ್ರಿ, ಇಪ್ಪತ್ ವರ್ಷ ಆಗೇತಿ, ಸಮುದ್ರದ ಆಚಿಕಿ. ಯಾರ್ ಕೇಳ್ತಿದ್ರು ನಿಮ್ಮನ್ನ?” ಎಂದ.

ಕಂಪ್ಲಿಯವನು ಮಾತ್ರ ನನ್ನನ್ನೇ ನೋಡುತ್ತಿದ್ದ. “ನೀವು ಕಂಪ್ಲ್ಯಾಗ ಇದ್ರೇನ್ರಿ?”

“ಇದ್ದೆ.”

“ರೈಟರ್?”

“ಹೌದು.”

“ನಮ್ಮ ಮಾವನ ಕೇಸ್ ನೀವ ಬರ್ದಿರಬೇಕು.”

“ಬರ್ದಿರಬಹುದು.”

“ಅಕ್ಷರ ಭಾಳ ಚೆಂದ ಇತ್ತಂತ. ಮಾವ ಸಾಯೋತನಕ ಅದನ್ನ ಹೇಳ್ತಿದ್ದ.” ಪೆನ್ನು ತೆಗೆದುಕೊಂಡು, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದ. ಆಟೋದವನೂ ಹಾಕಿದ. ಅವನ ಮಾವನ ಕೇಸು ಯಾವುದೆಂದು ನಾನು ಕೇಳಬೇಕಿತ್ತು. ಕೇಳುವ ಧೈರ್ಯ ಅವತ್ತಿಗೆ ಖರ್ಚಾಗಿ ಹೋಗಿತ್ತು. ಟೈಪಿಸ್ಟನಿಂದ ಅವನ ಹಳ್ಳಿ ತಿಳಿದುಕೊಂಡಿದ್ದೇನೆ. ಹೋಗಬೇಕು. ಹೋಗುತ್ತೇನೆ ಎಂದು ಬರೆದುಬಿಟ್ಟರೆ ಹೋಗದೆ ಇರಲು ನಾಚಿಕೆಯಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಕಾಗದ ತಲುಪಿದ ಮೇಲೆ ಮಂಡಳಿಯವರು ವಿಡಿಯೋದಲ್ಲಿ ಮಾತಾಡಬೇಕೆಂದರು. ಪಕ್ಕದ ಮನೆಯ ಕಾಲೇಜು ಮೇಷ್ಟ್ರು ತಮ್ಮ ಲ್ಯಾಪ್‌ಟಾಪ್ ತಂದು ನಮ್ಮ ಊಟದ ಮೇಜಿನ ಮೇಲಿಟ್ಟು ಹೊರಗೆ ಹೋದರು. ತೆರೆಯ ಮೇಲೆ ಮೂವರಿದ್ದರು. ಕೊನೆಯಲ್ಲಿ ಕೂತಿದ್ದ ಹೆಂಗಸು, “ಇಷ್ಟು ವರ್ಷ ಬಿಟ್ಟು ಈಗೇಕೆ ಹೇಳುತ್ತಿದ್ದೀರಿ?” ಎಂದು ಕೇಳಿದರು.

ದೊಡ್ಡ ಉತ್ತರವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. “ನನ್ನ ಹೆಂಡತಿ ಕೇಳಿದಳು.”

ಆ ಹೆಂಗಸು ಬರೆದುಕೊಂಡರು. ಪದಕವನ್ನು ಹಿಂದಿರುಗಿಸಬೇಕೆ ಎಂದು ನಾನು ಕೇಳಿದೆ. ಅದು ತಮಗೆ ಸಂಬಂಧಿಸಿದ್ದಲ್ಲ, ಕೊಟ್ಟವರಿಗೆ ಬರೆಯಿರಿ ಎಂದರು. ಬರೆದಿದ್ದೇನೆ, ಉತ್ತರ ಬಂದಿಲ್ಲ.

ಮೂರು ವಾರ ಕಾದೆವು. ಹೆಂಡತಿ ನನಗಿಂತ ಹೆಚ್ಚು ಕಾದಳು. ನನ್ನ ಫೋನು ಸದ್ದು ಮಾಡಿದಾಗಲೆಲ್ಲ, “ಅಕಿದೇನು?” ಎನ್ನುತ್ತಿದ್ದಳು. ಮುಖ ಕಾಣದ, ಭಾಷೆ ತಿಳಿಯದ ಒಬ್ಬ ಹೆಣ್ಣುಮಗಳು ನಮ್ಮ ಮನೆಯವಳಂತಾಗಿದ್ದಳು. ಕೊನೆಗೆ ಆ ಅಧಿಕಾರಿಯ ಸಂದೇಶ ಬಂತು. ಮಂಡಳಿ ಆ ಸಾಲನ್ನು ಹೊಡೆದುಹಾಕಿದೆ, ಕೆಲಸ ಅವಳಿಗೆ ಸಿಕ್ಕಿದೆ. ಕೆಳಗೆ ಇನ್ನೊಂದು ಸಾಲಿತ್ತು: ‘ನೀವು ಬರೆದದ್ದು ನಿಜವೆಂದು ಸೇರಿಸಿ ನಾನೂ ಹೇಳಿಕೆ ಕೊಟ್ಟೆ. ಅವತ್ತು ನೆಲ ನೋಡಿದವರಲ್ಲಿ ನಾನೂ ಒಬ್ಬ.’

ಅವಳೇ ಕರೆ ಮಾಡಿದ್ದು ಇನ್ನೂ ಹದಿನೈದು ದಿನ ಕಳೆದ ಮೇಲೆ. ದನಿ ದಪ್ಪವಾಗಿದೆ. ಟೀಚರ್ ಎನ್ನಲಿಲ್ಲ.

“ನಿಮ್ಮ ಕಾಗದ ಓದಿದೆ, ಎರಡು ಸಲ,” ಎಂದಳು. “ಅದರಲ್ಲಿ ಒಂದು ತಪ್ಪಿದೆ.”

“ಏನು?”

“ಬಡಗಿ ಹನ್ನೊಂದು ದಿನ ಜೈಲಿನಲ್ಲಿದ್ದ ಎಂದು ಬರೆದಿದ್ದೀರಿ. ಹದಿನಾರು ದಿನ.”

ತಿದ್ದಿ ಕಳಿಸುತ್ತೇನೆ ಎಂದೆ. ಆಗಲೇ ತಿದ್ದಿಸಿದ್ದೇನೆ ಎಂದಳು. ಅವನು ಎಲ್ಲಿದ್ದಾನೆ ಎಂದು ಕೇಳಿದೆ. ತಾಯಿಯ ಹಳ್ಳಿಯಲ್ಲಿ ಬಾಗಿಲು, ಕಿಟಕಿ ಮಾಡಿಕೊಂಡಿದ್ದಾನೆ, ಮಕ್ಕಳಿದ್ದಾರೆ. ಅವಳು ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತಾಳೆ. “ಅದು ನೀವು ಮಾಡಬೇಕಿದ್ದ ಕೆಲಸ,” ಎಂದಳು. ಹೌದು ಎಂದೆ.

ಆ ಕಡೆ ಹಿನ್ನೆಲೆಯಲ್ಲಿ ಯಾರೋ ನಗುತ್ತಿದ್ದರು, ಮೋಟಾರ್‌ಸೈಕಲ್ ಹೋಯಿತು.

“ನಾನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ,” ಎಂದಳು. “ಕ್ಷಮಿಸಿಲ್ಲ ಎಂದೂ ಅಲ್ಲ. ಅದನ್ನು ಯೋಚಿಸಲು ಈಗ ಹೊತ್ತಿಲ್ಲ. ಕೆಲಸ ಬಹಳ ಇದೆ.”

“ಜನ ಬರುತ್ತಾರೆಯೇ?”

“ಬರುತ್ತಾರೆ. ಬೆಳಿಗ್ಗೆ ಒಬ್ಬಳು ಬಂದಿದ್ದಳು. ಅವಳ ನೆರೆಮನೆಯಲ್ಲಿ ಆಡು ಕಳುವಾಗಿದೆ, ಇವಳು ಸಾಕ್ಷಿ. ಕಳ್ಳನನ್ನು ನೋಡಿದೆಯಾ ಎಂದು ಕೇಳಿದೆ. ನೋಡಿಲ್ಲ, ನಾಯಿ ಬೊಗಳಿದ್ದು ಕೇಳಿಸಿತು, ಎದ್ದು ಹೋಗಿ ನೋಡಲು ಸೋಮಾರಿತನವಾಯಿತು ಎಂದಳು.”

“ಏನು ಬರೆದೆ?”

“ನೋಡಿಲ್ಲ, ನಾಯಿ ಬೊಗಳಿದ್ದು ಕೇಳಿಸಿತು, ಎದ್ದು ಹೋಗಿ ನೋಡಲು ಸೋಮಾರಿತನವಾಯಿತು.”

“ಸೋಮಾರಿತನವನ್ನೂ?”

“ಅವಳು ಹೇಳಿದ್ದು ಅದೇ,” ಎಂದಳು. ಯಾರೋ ಕರೆದರು, ಹೋಗಬೇಕು ಎಂದು ಫೋನಿಟ್ಟಳು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ, ಕ್ಷಮಿಸದ ಮಾತನ್ನೂ ಬಿಡದೆ. ಅದಕ್ಕೆ ಅವಳು ತಲೆಯಾಡಿಸಿದಳು, ಸರಿಯಾದದ್ದೇ ಹೇಳಿದ್ದಾಳೆ ಎನ್ನುವ ಹಾಗೆ. ಸಾಕ್ಷಿಯ ಮಾತಿಗೆ ಬಂದಾಗ ಮಾತ್ರ ನಕ್ಕಳು.

“ಠಾಣ್ಯಾಗ ಕುಂತು, ಸೋಮಾರಿ ಆದೆ ಅಂತ ತಾನ ಒಪ್ಗಂಡ್ಲಾ?” ಎಂದಳು. “ಹಂಗಾರ ಆ ಊರಾಗ ಮಂದಿ ಹೆದರೋದು ಬಿಟ್ಟಾರ ಬಿಡ್ರಿ. ಕೈ ತೊಳ್ಕಂಡು ಬರ್ರಿ, ರೊಟ್ಟಿ ಆರ್ತಾವ.”